ಕಟ್ಟೆಯೊಳಗಿನ ಲೆಕ್ಕ

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳು ಕಪ್ಪಗಿತ್ತು. ಮನೆತನದ ಕಸುಬು ಪಾತ್ರೆಗಳಿಗೆ ಕಲಾಯಿ ಹಾಕುವುದು. ಚಿಕ್ಕಂದಿನಲ್ಲಿ ಅಣ್ಣಂದಿರ ಜೊತೆ ಕೂತು, ಕಾದ ತಾಮ್ರದ ಮೇಲೆ ತವರ ಉಜ್ಜಿ ಉಜ್ಜಿ ಆ ಬೆರಳು ಹಾಗಾಗಿತ್ತು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಮೊನ್ನೆ ಶ್ರೀನಿವಾಸಪುರದಲ್ಲಿ ಸಿಕ್ಕ ನನ್ನ ಹಳೆಯ ಸಹಪಾಠಿ ಇದನ್ನು ಕೇಳಿ ನಕ್ಕುಬಿಟ್ಟ. “ಬಲಗೈ ಅಲ್ಲ ಕಣೋ, ಎಡಗೈ. ಕಲಾಯೀನೂ ಅಲ್ಲ, ಏನೂ ಅಲ್ಲ. ಕ್ಲಾಸಿನ ಬಾಗಿಲಿಗೆ ಸಿಕ್ಕಿ ಜಜ್ಜಿತ್ತು. ಬಾಗಿಲು ಹಾಕಿದೋನು ನಾನೇ.”

ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ನಾವಿಬ್ಬರೂ ನೋಡಿದ್ದು ಅದೇ ಬೆರಳನ್ನು. ಆದ್ದರಿಂದ ಮುಂದೆ ನಾನು ಹೇಳುವುದನ್ನು ಎಷ್ಟು ನಂಬಬೇಕೆಂಬುದನ್ನು ಓದುವವರಿಗೇ ಬಿಡುತ್ತೇನೆ. ವಿಶ್ವವಿದ್ಯಾನಿಲಯ ನನಗೆ ಸಂದೇಹಪಡುವುದನ್ನು ಕಲಿಸಿತು. ಬೇರೆಯವರ ಮಾತಿನ ಮೇಲೆ ಅದನ್ನು ಬಹಳ ವರ್ಷ ಪ್ರಯೋಗಿಸಿದೆ. ನನ್ನ ನೆನಪಿನ ಮೇಲೆ ಪ್ರಯೋಗಿಸುವ ಕಾಲ ಈಗ ಬಂದಿದೆ.

ಅವರು ತೀರಿಕೊಂಡು ತಿಂಗಳಾಯಿತು. ಕೋಲಾರದ ಹೈಸ್ಕೂಲಿನಲ್ಲಿ ನಮಗೆ ಲೆಕ್ಕ ಹೇಳಿಕೊಟ್ಟವರು. ಊರಿನವರೆಲ್ಲ ಅವರನ್ನು ಸಾಹೇಬ್ ಮೇಷ್ಟ್ರು ಎನ್ನುತ್ತಿದ್ದರು. ಕತ್ತಿನವರೆಗೆ ಗುಂಡಿ ಹಾಕಿದ ಕರಿ ಕೋಟು, ಅಂಚು ಸವೆದ ಕೆಂಪು ಟೋಪಿ. ಅವರಿಗೆ ಡಿಗ್ರಿ ಇರಲಿಲ್ಲ. ಮೆಟ್ರಿಕ್ಯುಲೇಷನ್ ಮುಗಿಸಿ, ಮುಂದೆ ಓದಲು ಬೆಂಗಳೂರಿಗೆ ಹೋಗಿ, ತಂದೆ ಕಾಯಿಲೆ ಬಿದ್ದರೆಂದು ಆರು ತಿಂಗಳಿಗೇ ವಾಪಸು ಬಂದವರು. ಉಳಿದದ್ದನ್ನು ಪುಸ್ತಕ ತರಿಸಿಕೊಂಡು ತಾವೇ ಕಲಿತಿದ್ದರು. ಮೇಲಿನ ತರಗತಿಯಲ್ಲಿ ನಾವು ಹದಿನೆಂಟು ಹುಡುಗರು. ನಮ್ಮ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲವೋ, ಹೆಸರು ಹಿಡಿದು ಕರೆಯುವುದು ಅವರಿಗೆ ಇಷ್ಟವಿರಲಿಲ್ಲವೋ, ನಮ್ಮನ್ನೆಲ್ಲ ಊರಿನಿಂದ ಕರೆಯುತ್ತಿದ್ದರು. ನಾನು ಮಾಲೂರು. ಮೊನ್ನೆ ಸಿಕ್ಕ ಗೆಳೆಯ ಗೌನಿಪಲ್ಲಿ. ಮಾಲೂರು ತಾಲ್ಲೂಕಿನವನೇ ಇನ್ನೊಬ್ಬ ಬಂದು ಸೇರಿದಾಗ ಒಂದು ಗಳಿಗೆ ಯೋಚಿಸಿ ಅವನಿಗೆ “ಮಾಲೂರು ಅರ್ಧ” ಎಂದು ಹೆಸರಿಟ್ಟರು. ಆತ ಈಗ ಅಮಲ್ದಾರ. ಅವನಿಗೆ ಎದುರಾದರೆ ನಾನು ಈಗಲೂ ಬಾಯಿ ಬಿಗಿಹಿಡಿಯಬೇಕಾಗುತ್ತದೆ.

ಅವರದೊಂದು ಪದ್ಧತಿ ಇತ್ತು. ಬೋರ್ಡಿನ ಬಲ ಮೂಲೆಯಲ್ಲಿ ಯಾವಾಗಲೂ ಒಂದು ಲೆಕ್ಕ ಇರುತ್ತಿತ್ತು. ಅದರ ಸುತ್ತ ನಾಲ್ಕು ಗೆರೆ ಎಳೆದು, “ಕಟ್ಟೆ ಕಟ್ಟಿದೀನಿ, ಯಾರೂ ಒಡೀಬೇಡಿ” ಎನ್ನುತ್ತಿದ್ದರು. ಕೆರೆಯ ನಾಡಿನ ಹುಡುಗರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಕಸ ಗುಡಿಸುವ ಮುನಿಯಮ್ಮನಿಗೂ ಗೊತ್ತಿತ್ತು. ಬೋರ್ಡೆಲ್ಲ ಒರೆಸಿ, ಆ ಮೂಲೆಗೆ ಬಂದಾಗ ಬಟ್ಟೆಯನ್ನು ಎತ್ತಿಕೊಂಡುಬಿಡುತ್ತಿದ್ದಳು. ಪುಸ್ತಕದಲ್ಲಿಲ್ಲದ, ಕೆಲವೊಮ್ಮೆ ಅವರಿಗೂ ಬಾರದ ಲೆಕ್ಕವೇ ಆ ಕಟ್ಟೆಯೊಳಗೆ ಬರುತ್ತಿದ್ದದ್ದು. ಉತ್ತರ ಸಿಕ್ಕಿದವನು ಬೋರ್ಡಿನ ಮೇಲೆ ಬರೆಯುವಂತಿರಲಿಲ್ಲ, ಪಕ್ಕದವನಿಗೆ ಹೇಳುವಂತಿರಲಿಲ್ಲ. ಅವರ ಕಿವಿಯಲ್ಲಿ ಹೇಳಬೇಕು. ಅವರು ತಲೆಯಾಡಿಸಿ ಕಳಿಸುತ್ತಿದ್ದರು. ಉಳಿದವರಿಗೂ ಬರುವವರೆಗೆ ಕಟ್ಟೆ ಹಾಗೇ ನಿಲ್ಲುತ್ತಿತ್ತು. ಒಂದು ಸಲ ಇಪ್ಪತ್ತು ದಿನ ನಿಂತಿತ್ತು.

ನಾನು ಒಂದು ಲೆಕ್ಕವನ್ನು ಎರಡನೆಯ ದಿನವೇ ಬಿಡಿಸಿದೆ. ಅವರ ಮೇಜಿನ ಬಳಿ ಓಡಿ ಕಿವಿಯಲ್ಲಿ ಹೇಳಿದೆ. ಶಭಾಷ್ ಎಂದಾರೆಂದು ನಿಂತೇ ಇದ್ದೆ.

“ಬಂತಾ?”

“ಬಂತು ಸಾರ್.”

“ಸರಿ. ಹೊಟ್ಟೇಲಿ ಇಟ್ಕೋ.”

“ಎಷ್ಟು ದಿನ ಸಾರ್?”

“ಗೌನಿಪಲ್ಲಿಗೆ ಬರೋ ತನಕ.”

ಹಿಂದಿನಿಂದ ಗೌನಿಪಲ್ಲಿ ಗೊಣಗಿದ. “ಹಂಗಾದ್ರೆ ಇವ್ನು ಮುದುಕ ಆಗೋ ತನಕ ಇಟ್ಕೋಬೇಕಾಗ್ತದೆ ಸಾರ್.”

ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ಗೌನಿಪಲ್ಲಿಗೆ ಹನ್ನೆರಡನೆಯ ದಿನ ಬಂತು. ನಡುವಿನ ಆ ಹತ್ತು ದಿನ ನಾನು ಪಟ್ಟ ಪಾಡು ಯಾವ ಪರೀಕ್ಷೆಯಲ್ಲೂ ಪಡಲಿಲ್ಲ.

ಮೆಟ್ರಿಕ್ಯುಲೇಷನ್ ಮುಗಿದರೆ ಆಗ ಊರು ಬಿಡಲೇಬೇಕು. ಬೇಸಿಗೆ ಕಳೆದು ಕಾಲೇಜು ತೆರೆಯುವ ಹೊತ್ತಿಗೆ, ಬೌರಿಂಗ್‌ಪೇಟೆಗೆ ಹೋಗುವ ಪುಟ್ಟ ರೈಲಿನಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುತ್ತು ಹಿಡಿದು ಹುಡುಗರು ಹೊರಡುತ್ತಿದ್ದರು. ಮೇಷ್ಟ್ರು ಪ್ರತಿ ವರ್ಷ ಸ್ಟೇಷನ್ನಿಗೆ ಬರುತ್ತಿದ್ದರು. ಬುದ್ಧಿವಾದ ಹೇಳುತ್ತಿರಲಿಲ್ಲ. ರೈಲು ಕೂಗಿದಾಗ ಟೋಪಿ ಸರಿಮಾಡಿಕೊಂಡು, “ಹೋಗ್ರಪ್ಪಾ, ಹೋಗಿ” ಎನ್ನುತ್ತಿದ್ದರು. ನಾನು ಹೊರಟ ವರ್ಷ ಅವರ ಕಣ್ಣಲ್ಲಿ ನೀರಿತ್ತು ಎಂದು ನೆನಪು. ಆ ರೈಲಿನ ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತು ಎಂಬುದೂ ನಿಜ.

ಕೋಲಾರಕ್ಕೆ ಕಾಲೇಜು ಬೇಕೆಂದು ಅರ್ಜಿ ಹೊತ್ತು ತಿರುಗಿದವರು ಅವರೇ ಎಂಬುದು ಇವತ್ತು ಹೆಚ್ಚು ಜನಕ್ಕೆ ಗೊತ್ತಿಲ್ಲ. ವಿಶ್ವವಿದ್ಯಾನಿಲಯ ಜಿಲ್ಲೆಗಳಲ್ಲಿ ಇಂಟರ್‌ಮೀಡಿಯೆಟ್ ತರಗತಿ ತೆರೆಯುತ್ತದೆಂದು ಸುದ್ದಿ ಹಬ್ಬಿದ ಕಾಲ. ಭಾನುವಾರಗಳಂದು ಮೇಷ್ಟ್ರು ಛತ್ರಿ ಹಿಡಿದು ಅಂಗಡಿ ಅಂಗಡಿ ಹತ್ತಿ ಇಳಿದರು. ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಹೋಗಿ ರುಜು ಹಾಕಿಸಿಕೊಂಡು ಬಂದರು. ರಜೆಗೆ ಬಂದಿದ್ದ ನಾನು ಒಂದು ದಿನ ಅವರ ಜೊತೆ ಹೋಗಿದ್ದೆ. ಒಬ್ಬ ಮಂಡಿ ಸಾಹುಕಾರ, “ಕಾಲೇಜು ಬಂದ್ರೆ ನಿಮಗೇನು ಸಿಗ್ತದೆ ಮೇಷ್ಟ್ರೇ?” ಎಂದ. ಮೇಷ್ಟ್ರು ಅರ್ಜಿಯನ್ನು ಅವನ ಕಡೆಗೆ ತಿರುಗಿಸಿ ಹೇಳಿದರು: “ಹುಡುಗ್ರು ಇಲ್ಲೇ ಇರ್ತಾರಲ್ಲ ಸಾವ್ಕಾರ್ರೇ. ಇನ್ನೆರಡು ವರ್ಷ ಇಲ್ಲೇ ಇರ್ತಾರೆ.”

ಕಾಲೇಜು ಬಂತು, ಹೈಸ್ಕೂಲಿನ ಕಟ್ಟಡದಲ್ಲೇ. ಊರಿನವರು ಸಕ್ಕರೆ ಹಂಚಿದರು. ಲ್ಯಾಬೊರೇಟರಿಗೆ ಜಾಗ ಬೇಕೆಂದು ಹುಣಿಸೇಮರ ಕಡಿದರು. ಕೋಟೆಯ ಬೀದಿಗಳಲ್ಲಿ ಮನೆಯ ಜಗಲಿಗೆ ಗೋಡೆ ಎದ್ದು ಬಾಡಿಗೆಯ ಕೋಣೆಗಳಾದವು. ಪರಸ್ಥಳದ ಹುಡುಗರಿಗೆ ವಾರಕ್ಕೊಂದು ದಿನ ಊಟ ಹಾಕುತ್ತಿದ್ದ ಮನೆಗಳೇ ಈಗ ಅವರಿಗೆ ಕೋಣೆ ಕೊಡತೊಡಗಿದವು. ನಾನೂ ಎಂ.ಎ. ಮುಗಿಸಿ, ನಾಲ್ಕು ಕಡೆ ಕೆಲಸ ಹಿಡಿದು ಬಿಟ್ಟು, ಗಣಿತದ ಲೆಕ್ಚರರ್ ಆಗಿ ಅಲ್ಲಿಗೇ ಬಂದೆ.

ಮೊದಲ ದಿನ ಮೇಷ್ಟ್ರು ಎದ್ದು ನಿಂತರು. “ಬನ್ನಿ, ಬನ್ನಿ ಲೆಕ್ಚರರ್ ಸಾಹೇಬ್ರೇ, ಕೂತ್ಕೊಳ್ಳಿ.” ಅವರು ತಮಾಷೆ ಮಾಡುತ್ತಿದ್ದಾರೆಂದು ಕಾದೆ. ತಮಾಷೆಯಾಗಿರಲಿಲ್ಲ. ಅಲ್ಲಿ ನನಗೆ ಸಂಬಳಕ್ಕಿಂತ ಬೇಕಾಗಿದ್ದದ್ದು “ಏನ್ಲಾ ಮಾಲೂರು” ಎಂಬ ಕೂಗು. ಅದು ನಿಂತುಹೋಯಿತು.

ಕಾಲೇಜಿನ ತರಗತಿಗೆ ಡಿಗ್ರಿ ಇಲ್ಲದವರು ಪಾಠ ಹೇಳಬಾರದೆಂಬುದು ಕಾಯ್ದೆ. ಆದರೆ ಹಳೆಯ ಮೇಷ್ಟ್ರುಗಳಲ್ಲಿ ಯೋಗ್ಯರಿದ್ದರೆ ವಿಶ್ವವಿದ್ಯಾನಿಲಯದ ಕಮಿಟಿ ಬಂದು ನೋಡಿ ಉಳಿಸಿಕೊಳ್ಳಬಹುದಿತ್ತು. ನಮ್ಮ ಹೆಡ್‌ಮಾಸ್ಟರು, ಈಗ ಪ್ರಿನ್ಸಿಪಾಲರಾದವರು, ಸಾಹೇಬ್ ಮೇಷ್ಟ್ರೊಬ್ಬರ ಹೆಸರನ್ನೇ ಬರೆದು ಕಳಿಸಿದ್ದರು. ಕಮಿಟಿ ಒಪ್ಪಿದರೆ ಅದೇ ಕೋಣೆ, ಅದೇ ಬೋರ್ಡು. ಒಪ್ಪದಿದ್ದರೆ ಯಾವುದಾದರೂ ತಾಲ್ಲೂಕಿನ ಮಿಡ್ಲ್ ಸ್ಕೂಲಿಗೆ ವರ್ಗ.

ಕಮಿಟಿ ಬರುವ ಕಾಲಕ್ಕೆ ಕಟ್ಟೆಯೊಳಗೆ ಇದ್ದದ್ದು ಗಾಡಿಯ ಲೆಕ್ಕ. ಅದನ್ನು ತಂದವನು ಹೋಳೂರು ಕಡೆಯಿಂದ ಸಂತೆಗೆ ತರಕಾರಿ ತರುವ ಒಬ್ಬ ಗಾಡಿಯವನು. ಅವನ ತೋಟ ರಸ್ತೆಯಿಂದ ಒಳಗಿತ್ತು. ಉತ್ತ ಹೊಲದಲ್ಲಿ ಎತ್ತು ನಿಧಾನ, ರಸ್ತೆಯಲ್ಲಿ ಅದರ ಎರಡರಷ್ಟು ಜೋರು. ನೇರ ರಸ್ತೆಗೆ ಇಳಿದರೆ ದಾರಿ ಸುತ್ತು. ಹೊಲದಲ್ಲೇ ಕೋಲಾರದ ಕಡೆ ಓರೆಯಾಗಿ ಹೊಡೆದರೆ ಚಕ್ರ ಹೂತುಕೊಂಡು ಹೊತ್ತು ಹೋಗುತ್ತದೆ. ಹಾಗಾದರೆ ರಸ್ತೆಗೆ ಎಲ್ಲಿ ಸೇರಿದರೆ ಬೇಗ ಮುಟ್ಟಬಹುದು? ಈ ವಿಷಯಕ್ಕೆ ಅವನಿಗೂ ತಮ್ಮನಿಗೂ ದಿನವೂ ಜಗಳವಂತೆ.

“ಎತ್ತಿಗೆ ಗೊತ್ತು ಕಣ್ರೋ,” ಎಂದರಂತೆ ಮೇಷ್ಟ್ರು ತರಗತಿಯಲ್ಲಿ. “ಹಗ್ಗ ಬಿಟ್ರೆ ಅವು ದಿನಾ ಒಂದೇ ಕಡೆ ರಸ್ತೆಗೆ ಹತ್ತುತ್ತವೆ. ನಾವು ನಾಲ್ಕು ಕಾಲಿಲ್ಲದೋರು, ಬುದ್ಧಿ ಉಪಯೋಗಿಸ್ಬೇಕು.”

ಹನ್ನೊಂದು ದಿನದಿಂದ ಅದು ಬೋರ್ಡಿನ ಮೇಲಿತ್ತು. ಕಮಿಟಿಯ ಹಿಂದಿನ ದಿನ ಮಧ್ಯಾಹ್ನ, ಮಾರನೆಯ ದಿನದ ವೇಳಾಪಟ್ಟಿಯ ಹಾಳೆಯನ್ನು ನಮಗೆಲ್ಲ ಒಂದೊಂದು ಹಂಚಿದರು. ಶಾಲೆ ಬಿಟ್ಟ ಮೇಲೆ ನಾನು ಆ ಕೋಣೆಗೆ ಹೋದೆ. ಯಾರೂ ಇರಲಿಲ್ಲ. ಬಿಸಿಲು ಬೋರ್ಡಿನ ಮೇಲೆ ಓರೆಯಾಗಿ ಬಿದ್ದಿತ್ತು. ಕಟ್ಟೆಯೊಳಗೆ ರಸ್ತೆಯ ಗೆರೆ, ಗಾಡಿಯ ಚುಕ್ಕೆ, ಕೆಳಗೆ ಬರೀ ಖಾಲಿ ಜಾಗ. ನಾಳೆ ಬರುವವರು ಇದನ್ನು ನೋಡಿ, ಈ ಮೇಷ್ಟ್ರಿಗೆ ಬಾರದ ಲೆಕ್ಕ ಎಂದುಕೊಳ್ಳುತ್ತಾರೆ ಎನ್ನಿಸಿತು. ನಾನು ಕಲಿತ ಗಣಿತದಲ್ಲಿ ಅದು ಮೂರು ಸಾಲಿನ ಕೆಲಸ. ಸೀಮೆಸುಣ್ಣ ತೆಗೆದುಕೊಂಡು ಕಟ್ಟೆಯೊಳಗೆ ಮೂರು ಸಾಲು ಬರೆದೆ. ಕೊನೆಗೆ ಉತ್ತರ: ಅರವತ್ತು ಡಿಗ್ರಿ ಕೋನದಲ್ಲಿ ರಸ್ತೆಗೆ ಸೇರಬೇಕು.

ಯಾಕೆ ಬರೆದೆ? ಅವರನ್ನು ಉಳಿಸುವುದಕ್ಕೆ ಎಂದು ಹೆಂಡತಿಗೆ ಹೇಳಿದ್ದೇನೆ. ಆದರೆ ಉಳಿಸುವುದೇ ಆಗಿದ್ದರೆ ಒರೆಸಿಬಿಡಬಹುದಿತ್ತು, ಅಥವಾ ಮಸೀದಿಯ ಪಕ್ಕದ ಅವರ ಮನೆಗೆ ಹೋಗಿ ಕಿವಿಯಲ್ಲಿ ಹೇಳಬಹುದಿತ್ತು. ಅಲ್ಲಿಗೆ ಹತ್ತು ನಿಮಿಷದ ದಾರಿ. ಬರೆದಾದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಅಕ್ಷರವನ್ನು ನೋಡಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಈ ಒಂದು ನೆನಪು ಸುಳ್ಳಾಗಲಿ ಎಂದು ಬಹಳ ಸಲ ಆಸೆಪಟ್ಟಿದ್ದೇನೆ.

ಮಾರನೆಯ ದಿನ ಕಮಿಟಿಯ ಮೂವರು ಬಂದರು. ಅವರಲ್ಲಿ ಗಣಿತದವರೊಬ್ಬರು, ಮೆಲುಮಾತಿನ ಸಭ್ಯರು. ಮೇಷ್ಟ್ರ ಪಾಠ ಚೆನ್ನಾಗಿಯೇ ನಡೆಯಿತು. ನಾನೂ ಪ್ರಿನ್ಸಿಪಾಲರೂ ಬಾಗಿಲ ಬಳಿ ನಿಂತಿದ್ದೆವು. ಗಣಿತದವರು ಎದ್ದು ಹೊರಡುವಾಗ ಬೋರ್ಡಿನ ಮೂಲೆ ನೋಡಿದರು.

“ಇದು ಯಾರ ಲೆಕ್ಕ?”

“ನನ್ನದು ಸ್ವಾಮಿ,” ಎಂದರು ಮೇಷ್ಟ್ರು.

“ಈ ಉತ್ತರ?”

ಮೇಷ್ಟ್ರು ಆ ಮೂರು ಸಾಲನ್ನು ಓದಿದರು. ಬೆಳಿಗ್ಗೆಯಿಂದ ಅದನ್ನು ಅವರು ನೋಡಿರಲಿಲ್ಲವೋ, ನೋಡಿಯೂ ಸುಮ್ಮನಿದ್ದರೋ ತಿಳಿಯದು. ಆಮೇಲೆ ನನ್ನ ಕಡೆ ಕೈ ತೋರಿದರು. “ಇದು ಇವ್ರದು. ನನ್ನ ಶಿಷ್ಯರು.”

“ನಿಮಗೆ ಬಂದಿತ್ತೋ?”

ಮೇಷ್ಟ್ರು ಹುಡುಗರ ಕಡೆ ತಿರುಗಿದರು. ಬೆಂಚು ಬೆಂಚು ನೋಡಿಕೊಂಡು ಹೋದರು. ಗಣಿತದವರು ಸ್ವಲ್ಪ ಹೊತ್ತು ಕಾದು, ಮರ್ಯಾದೆಯಿಂದ ತಲೆಬಾಗಿ, ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡರು. ನಾನು ಬಾಯಿಬಿಟ್ಟು ಒಂದು ಮಾತು ಹೇಳಬಹುದಿತ್ತು. ಹೇಳಿದೆನೆಂದು ಒಂದೊಂದು ದಿನ ಅನ್ನಿಸುತ್ತದೆ. ಪ್ರಿನ್ಸಿಪಾಲರನ್ನು ಒಮ್ಮೆ ಕೇಳಿದೆ. “ಇಲ್ಲಪ್ಪ, ನೀವು ನೆಲ ನೋಡ್ತಾ ಇದ್ರಿ,” ಎಂದರು.

ಎರಡು ತಿಂಗಳಿಗೆ ಆರ್ಡರು ಬಂತು. ಮೇಷ್ಟ್ರಿಗೆ ಶ್ರೀನಿವಾಸಪುರದ ಮಿಡ್ಲ್ ಸ್ಕೂಲು. ಕಾಲೇಜಿನ ತರಗತಿಗಳೆಲ್ಲ ನನಗೆ.

ನಾನು ಒಂದೇ ಒಂದು ಸಲ ಅವರನ್ನು ನೋಡಲು ಹೋದೆ. ಯುದ್ಧದ ಕಾಲ, ಇದ್ದಿಲ ಗ್ಯಾಸಿನ ಬಸ್ಸು ಏರು ಬಂದಲ್ಲೆಲ್ಲ ನಿಂತು, ಎಲ್ಲರೂ ಇಳಿದು ತಳ್ಳಿ, ಮಧ್ಯಾಹ್ನಕ್ಕೆ ಮುಟ್ಟಿಸಿತು. ಶ್ರೀನಿವಾಸಪುರದಲ್ಲಿ ಮಾವಿನ ಕಾಲ. ಶಾಲೆಯ ಜಗಲಿಯ ಮೇಲೆ ಅವರು ಚಿಕ್ಕ ಹುಡುಗರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಮಾವಿನಹಣ್ಣನ್ನೇ ಹೋಳು ಮಾಡಿ ಹಂಚುತ್ತಿದ್ದರು. ತಿನ್ನುವ ಆಸೆಗೆ ಎಲ್ಲರೂ ಲೆಕ್ಕ ಸರಿಯಾಗಿ ಹೇಳುತ್ತಿದ್ದರು.

“ಏನ್ಲಾ ಮಾಲೂರು,” ಎಂದರು.

ನಾನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆ ಒಂದು ಕೂಗಿಗೆ ಎಲ್ಲ ಮರೆತುಹೋಯಿತು. “ನನ್ನಿಂದ ನಿಮ್ಮ ಕೆಲಸ ಹೋಯ್ತು ಸಾರ್,” ಎಂದಷ್ಟೇ ಹೇಳಿದೆ.

“ಕೆಲ್ಸ ಎಲ್ಲೋಯ್ತು? ಮಾಡ್ತಾ ಇದೀನಲ್ಲ. ಅದು ಕಾಯ್ದೆ ಕಣೋ, ನೀನೇನು ಮಾಡ್ತೀಯ.” ಒಂದು ಹೋಳು ನನ್ನ ಕೈಗಿಟ್ಟರು. “ಆದ್ರೆ ಕಟ್ಟೆ ಒಡೀಬಾರ್ದಿತ್ತು.”

ಇನ್ನೊಂದು ಹಣ್ಣು ಎತ್ತಿಕೊಂಡು ಹೋಳು ಮಾಡತೊಡಗಿದರು.

“ಮೂರನೇ ಬೆಂಚಲ್ಲಿ ಒಬ್ಬ ಇದ್ದ, ಮುಳಬಾಗಿಲು. ಹತ್ರಕ್ಕೆ ಬಂದಿದ್ದ ಪಾಪ. ಇನ್ನೊಂದು ದಿನ, ಎರಡು ದಿನ. ನಿನ್ನ ಉತ್ತರ ನೋಡಿದ್ಮೇಲೆ ಕೈಬಿಟ್ಬಿಟ್ಟ. ಸುಲಭ ಇತ್ತಲ್ಲ ಸಾರ್ ಅಂತಂದ. ಸುಲಭ!”

ಬಸ್ಸಿನವರೆಗೂ ಬಂದರು. ಹತ್ತುವಾಗ, “ಮತ್ತೆ ಬಾ,” ಎಂದರು. ಬರ್ತೀನಿ ಎಂದೆ. ಹೋಗಲಿಲ್ಲ. ಅಂಥ ಕಾರಣವೇನೂ ಇರಲಿಲ್ಲ.

ಈಗ ನಮ್ಮ ಕಾಲೇಜಿನಲ್ಲಿ ಒಂದೊಂದು ತರಗತಿಗೂ ಎರಡು ಮೂರು ಸೆಕ್ಷನ್ನು. ಕೋಣೆ ಸಾಲದು. ನಾನು ಹೊರಬರುವ ಮೊದಲೇ ಕೆಮಿಸ್ಟ್ರಿಯವರು ಬಾಗಿಲಲ್ಲಿ ನಿಂತಿರುತ್ತಾರೆ. ಬೋರ್ಡಿನ ಮೇಲೆ ಬರೆದದ್ದು ಗಂಟೆಯಿಂದ ಗಂಟೆಗೆ ಅಳಿಯುತ್ತದೆ. ಹುಡುಗರು ಬುದ್ಧಿವಂತರು, ಅದಕ್ಕೆ ಮುಂಚೆ ಬರೆದುಕೊಂಡುಬಿಡುತ್ತಾರೆ. ಊರು ಬೆಳೆದಿದೆ, ಹೋಟೆಲುಗಳಾಗಿವೆ, ಹುಡುಗರು ರೈಲು ಹತ್ತಿ ಹೋಗುವುದು ಎರಡು ವರ್ಷ ತಡವಾಗಿದೆ. ಮೇಷ್ಟ್ರು ಅರ್ಜಿಯಲ್ಲಿ ಕೇಳಿದ್ದೆಲ್ಲ ಸಿಕ್ಕಿದೆ. ಬೋರ್ಡಿನ ಮೂಲೆಯೊಂದು ಸಿಗಲಿಲ್ಲ.

ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದು, ಗೌನಿಪಲ್ಲಿಗೆ ಕಾಗದ ಬರೆದೆ. ಆತ ಮಾವಿನ ತೋಟ ಬಿಟ್ಟು ಬಂದ. ಇಬ್ಬರೂ ಶ್ರೀನಿವಾಸಪುರದ ಅವರ ಮನೆಗೆ ಹೋದೆವು. ಅವರ ಹೆಂಡತಿ ಪರದೆಯ ಹಿಂದಿನಿಂದಲೇ ಮಾತಾಡಿದರು.

“ಮಾಲೂರು ಯಾರು ಬೇಟಾ, ನಿಮ್ಮಲ್ಲಿ?”

“ನಾನಮ್ಮ.”

“ಬರ್ತಾನೆ, ಬರ್ತಾನೆ ಅಂತಾನೇ ಇದ್ರು. ಬಂದ್ರೆ ಇದು ಕೊಡು ಅಂದಿದ್ರು.” ಪರದೆಯ ಕೆಳಗಿನಿಂದ ಮಡಿಸಿದ ಒಂದು ಹಾಳೆ ಬಂತು.

ಪೆನ್ಸಿಲಿನ ಒಂದು ಚಿತ್ರ, ಅಕ್ಷರವೇ ಇಲ್ಲ. ರಸ್ತೆಯ ಗೆರೆ, ಗಾಡಿಯ ಚುಕ್ಕೆ. ರಸ್ತೆಯ ಆಚೆ ಬದಿಗೆ, ಕೋಲಾರದಿಂದ ಮೂವತ್ತು ಡಿಗ್ರಿ ಓರೆಯಾಗಿ ಹೊರಟ ಇನ್ನೊಂದು ಗೆರೆ, ಯಾವ ಊರಿಗೂ ಹೋಗದ ದಾರಿ. ಗಾಡಿಯಿಂದ ಆ ಗೆರೆಗೆ ನೇರವಾಗಿ ಎಳೆದ ಒಂದು ಲಂಬ. ಆ ಲಂಬ ರಸ್ತೆಯನ್ನು ಎಲ್ಲಿ ದಾಟುತ್ತದೋ ಅಲ್ಲೇ ಎತ್ತು ರಸ್ತೆಗೆ ಹತ್ತಬೇಕು. ಡಿಗ್ರಿಯ ಗಣಿತ ಬೇಡ, ಮೂರು ಸಾಲೂ ಬೇಡ. ಇಲ್ಲದ ದಾರಿಯೊಂದನ್ನು ಎಳೆದರೆ ಇರುವ ದಾರಿ ಕಾಣಿಸುತ್ತದೆ. ಇಷ್ಟು ಚೆಂದವಾಗಿ ಲೆಕ್ಕ ಬಿಡಿಸುವುದನ್ನು ನನಗೆ ಯಾವ ಪ್ರೊಫೆಸರೂ ತೋರಿಸಿರಲಿಲ್ಲ.

ಹಾಳೆ ತಿರುಗಿಸಿದೆ. ಹಿಂದೆ, ಕಮಿಟಿಯ ದಿನದ ವೇಳಾಪಟ್ಟಿ.

ಹಾಗಾದರೆ ಹಿಂದಿನ ದಿನವೇ ಅವರಿಗೆ ಬಂದಿತ್ತೆ? ಬಂದೂ, ಮೂರನೇ ಬೆಂಚಿನ ಹುಡುಗನಿಗಾಗಿ ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ? ಕಮಿಟಿಯವರ ಮುಂದೆ ಮಾತಾಡದೆ ನಿಂತದ್ದು ಅದಕ್ಕೇ ಏನು? ನಾನು ಸಂದೇಹಪಡುವವನು. ಯುದ್ಧದ ಕಾಲದಲ್ಲಿ ಕಾಗದಕ್ಕೆ ಬರ; ಒಂದು ಬದಿ ಖಾಲಿಯಿದ್ದ ಯಾವ ಹಾಳೆಯನ್ನೂ ಅವರು ಎಸೆದವರಲ್ಲ. ವರ್ಷ ಕಳೆದ ಮೇಲೂ ಅದರ ಬೆನ್ನಿಗೆ ಬರೆದಿರಬಹುದು. ಹಾಳೆ ಏನನ್ನೂ ಸಾಬೀತು ಮಾಡುವುದಿಲ್ಲ. ಕೇಳಬಹುದಾಗಿದ್ದವರು ಬರ್ತಾನೆ, ಬರ್ತಾನೆ ಎಂದು ಕಾದು ಹೋದರು.

ಬಸ್ ಸ್ಟ್ಯಾಂಡಿನಲ್ಲಿ ಗೌನಿಪಲ್ಲಿ ಹಾಳೆ ಕಸಿದುಕೊಂಡ. “ಏನೋ ಇದು?” ಗಾಡಿಯ ಲೆಕ್ಕವನ್ನು ಹೇಳಿದೆ. ಅದು ಬೋರ್ಡಿನ ಮೇಲಿದ್ದಾಗ ಆತ ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಅದನ್ನು ಕಂಡವನಲ್ಲ. “ನೋಡು, ಈ ಆಚೆಯ ಗೆರೆ ಇದೆಯಲ್ಲ, ಅದು ಯಾಕೆಂದರೆ…” ಎಂದು ಶುರುಮಾಡಿದೆ.

“ಬಾಯ್ಮುಚ್ಚೋ,” ಎಂದು ಹಾಳೆ ಮಡಿಸಿ ನನ್ನ ಜೇಬಿಗೆ ತುರುಕಿದ. “ನನಗಿನ್ನೂ ಬಂದಿಲ್ಲ.”

ಛತ್ರಿಯ ತುದಿಯಿಂದ ಕೆಂಪು ಧೂಳಿನಲ್ಲಿ ರಸ್ತೆ ಎಳೆದ, ಗಾಡಿಯ ಚುಕ್ಕೆ ಇಟ್ಟ. ಬಗ್ಗಿ ನೋಡಿದ, ತಲೆ ಕೆರೆದುಕೊಂಡ. ಬಿಳಿ ಗಡ್ಡ ಬಂದಿರುವ ಆಳು. ಅಷ್ಟರಲ್ಲಿ ಅವನ ಬಸ್ಸು ಬಂತು. ಲೆಕ್ಕದ ಸುತ್ತ ನಾಲ್ಕು ಗೆರೆ ಎಳೆದು ಓಡಿದ. ಬಸ್ಸಿನ ಮೆಟ್ಟಿಲ ಮೇಲಿಂದ, ಪಕ್ಕದಲ್ಲಿ ಸೀಬೆಹಣ್ಣು ಮಾರುತ್ತಿದ್ದ ಹೆಂಗಸಿಗೆ ತೆಲುಗಿನಲ್ಲಿ ಕೂಗಿ ಹೇಳಿದ.

“ಅಮ್ಮಾ, ದಾನ್ನಿ ತೊಕ್ಕೊದ್ದು. ರೇಪು ವಸ್ತಾನು.”

ಅದನ್ನು ತುಳಿಯಬೇಡ, ನಾಳೆ ಬರುತ್ತೇನೆ. ಆಕೆ ಒಂದು ಸಲ ಧೂಳಿನ ಚಿತ್ರವನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಬುಟ್ಟಿಯನ್ನು ಎತ್ತಿ ಒಂದು ಗೇಣು ಆಚೆಗಿಟ್ಟಳು.